ರಾತ್ರಿ ಹನ್ನೊಂದಕ್ಕೆ ಬೆಲ್ಲದ ಡಬ್ಬಿ ಕರೆದರೆ

ಪ್ರಶ್ನೆ: ನನಗೆ 54 ವರ್ಷ, ಊರು ದಾವಣಗೆರೆ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಬೆಳಗ್ಗೆ ಮತ್ತು ರಾತ್ರಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ತಗೊಳ್ಳುತ್ತೇನೆ. ಕಳೆದ ತಿಂಗಳು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.1 ಬಂದಿದೆ. ಅದಾದ ಮೇಲೆ ರಾತ್ರಿ ಅನ್ನ ಬಿಟ್ಟು ಒಂದೇ ಚಪಾತಿ ತಿನ್ನುತ್ತಿದ್ದೇನೆ. ಆದರೆ ಮಧ್ಯಾಹ್ನ ಊಟ ಆದ ಕೂಡಲೇ, ಸಂಜೆ ನಾಲ್ಕಕ್ಕೆ, ರಾತ್ರಿ ಹನ್ನೊಂದರ ಹೊತ್ತಿಗೆ ಸಿಹಿ ಬೇಕೇ ಬೇಕು ಅನಿಸುತ್ತದೆ. ಮಕ್ಕಳು ಬೈಯುತ್ತಾರೆ ಅಂತ ಯಾರಿಗೂ ಕಾಣದ ಹಾಗೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇನೆ. ಸಕ್ಕರೆಗಿಂತ ಬೆಲ್ಲ ಪರವಾಗಿಲ್ಲ ಅಲ್ಲವೇ? ಶುಗರ್ ಫ್ರೀ ಸಿಹಿ ತಿನ್ನಬಹುದೇ? ಯುಗಾದಿಗೆ ಒಂದು ಹೋಳಿಗೆಯಾದರೂ ತಿನ್ನಬಹುದೇ?

ಉತ್ತರ: ನೀವು ಮೂರು ಹೊತ್ತನ್ನು ಬೇರೆ ಬೇರೆಯಾಗಿ ಬರೆದದ್ದು ಬಹಳ ಒಳ್ಳೆಯದಾಯಿತು. ಈ ಮೂರು ಹೊತ್ತಿನ ಆಸೆಗೆ ಕಾರಣ ಒಂದೇ ಇರಲಿಕ್ಕಿಲ್ಲ, ಹಾಗಾಗಿ ಮದ್ದೂ ಒಂದೇ ಅಲ್ಲ. ಮಧ್ಯಾಹ್ನದ್ದು ಹೆಚ್ಚಾಗಿ ರೂಢಿ. ನಾಲ್ಕು ಗಂಟೆಯದ್ದು ಹೊಟ್ಟೆಯ ಹಸಿವು. ರಾತ್ರಿ ಹನ್ನೊಂದರದ್ದು ಮಾತ್ರೆಯಿಂದ ಬಂದಿರಬಹುದು. ಎಲ್ಲಕ್ಕೂ ‘ಬಾಯಿ ಚಪಲ’ ಅಂತ ಒಂದೇ ಹೆಸರಿಟ್ಟು ನಿಮ್ಮನ್ನು ನೀವೇ ಬೈದುಕೊಂಡರೆ ರಾತ್ರಿಯ ಅಪಾಯ ಕಣ್ಣಿಗೆ ಬೀಳದೇ ಹೋಗುತ್ತದೆ. ಆದ್ದರಿಂದ ಮೊದಲು ರಾತ್ರಿಯದನ್ನೇ ನೋಡೋಣ.

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ನೀವು ಎಷ್ಟು ಉಂಡಿರಿ ಎಂದು ನೋಡಿಕೊಂಡು ಅದು ಕೆಲಸ ಮಾಡುವುದಿಲ್ಲ. ಮೊದಲು ಎರಡು ಚಪಾತಿ, ಮೇಲೊಂದಿಷ್ಟು ಅನ್ನ ಉಣ್ಣುತ್ತಿದ್ದಾಗ ಬರೆದುಕೊಟ್ಟ ಮಾತ್ರೆಯನ್ನೇ ಈಗ ಒಂದೇ ಚಪಾತಿಯ ಮೇಲೆ ತಗೊಂಡರೆ ಮೂರು ನಾಲ್ಕು ಗಂಟೆಯೊಳಗೆ ರಕ್ತದ ಸಕ್ಕರೆ ತೀರ ಇಳಿಯಬಹುದು. ಆಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಏನಾದರೂ ಸಿಹಿ ತಿನ್ನಲೇಬೇಕು ಅನಿಸುತ್ತದೆ. ಅದು ಚಪಲವಲ್ಲ, ಮೆದುಳು ಸಕ್ಕರೆ ಸಾಲದೆಂದು ಕೂಗುವುದು. ನಿದ್ದೆಯಲ್ಲೇ ಇಳಿದರೆ ದಿಂಬು ಬೆವರಿಗೆ ಒದ್ದೆಯಾಗಿರುತ್ತದೆ, ಕೆಟ್ಟ ಕನಸು ಬೀಳುತ್ತದೆ, ಬೆಳಗ್ಗೆ ತಲೆನೋವು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರಿಗೆ ನಡುಕವೂ ಎದೆಬಡಿತವೂ ಸರಿಯಾಗಿ ಗೊತ್ತಾಗುವುದಿಲ್ಲ. ಬೆವರು ಮಾತ್ರ ಗೊತ್ತಾಗುತ್ತದೆ.

ಇದನ್ನು ಊಹೆಯ ಮೇಲೆ ಬಿಡಬೇಡಿ, ಗ್ಲುಕೋಮೀಟರ್‌ನಿಂದ ನೋಡಿ. ಮೂರು ರಾತ್ರಿ, ಆಸೆ ಹುಟ್ಟಿದ ಕೂಡಲೇ, ಏನನ್ನೂ ಬಾಯಿಗೆ ಹಾಕುವ ಮೊದಲು ಚುಚ್ಚಿ ನೋಡಿ. ಅದಕ್ಕೂ ಮುಂಚೆ ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬೆಲ್ಲ ಮುಟ್ಟಿದ, ಹಣ್ಣು ಸುಲಿದ ಬೆರಳಲ್ಲೇ ಚುಚ್ಚಿದರೆ ಆ ಅಂಟು ರಕ್ತದ ಹನಿಗೆ ಸೇರಿ ಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. 65 ಇರುವವರಿಗೆ 150 ತೋರಿಸಿದರೆ ಏನಾದೀತು ಯೋಚಿಸಿ.

ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಆಗ ಸಿಹಿಯೇ ಔಷಧಿ, ಸಂಕೋಚ ಬೇಡ. ತುಂಬಿದ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲವಾದರೆ ಅಷ್ಟನ್ನೇ ಇನ್ನೊಮ್ಮೆ ತಗೊಳ್ಳಿ. ದಾಟಿದ ಮೇಲೆ ಅರ್ಧ ಚಪಾತಿಯನ್ನೋ ಒಂದು ಲೋಟ ಹಾಲನ್ನೋ ತಗೊಂಡು ಮಲಗಿ. ಪೇಡಾ, ಮೈಸೂರು ಪಾಕು, ಚಾಕೊಲೇಟು ಈ ಹೊತ್ತಿಗೆ ಬೇಡ. ಅದರಲ್ಲಿರುವ ತುಪ್ಪ, ಬೆಣ್ಣೆ ಸಕ್ಕರೆಯನ್ನು ಹೊಟ್ಟೆಯಲ್ಲೇ ನಿಲ್ಲಿಸಿಕೊಳ್ಳುತ್ತವೆ, ರಕ್ತ ಸೇರುವುದು ತಡವಾಗುತ್ತದೆ. ನಿಮ್ಮ ಮಾತ್ರೆಯ ಚೀಟಿಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅದನ್ನು ಒಡೆಯುವ ಕೆಲಸವನ್ನೇ ಆ ಮಾತ್ರೆ ತಡೆದಿರುತ್ತದೆ. ಅಂಥವರ ಹಾಸಿಗೆ ಪಕ್ಕ ಗ್ಲೂಕೋಸ್ ಪುಡಿಯೇ ಇರಬೇಕು. ನುಂಗಲಾಗದವರಿಗೆ, ಪ್ರಜ್ಞೆ ತಪ್ಪುತ್ತಿರುವವರಿಗೆ ಬಾಯಿಗೆ ಏನನ್ನೂ ಹಾಕಬಾರದು. ಶ್ವಾಸನಾಳಕ್ಕೆ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ರಾತ್ರಿ 70ಕ್ಕಿಂತ ಕೆಳಗೆ ಬಂದರೂ ಸಾಕು, ಮರುದಿನವೇ ವೈದ್ಯರಿಗೆ ತಿಳಿಸಿ. ‘ರಾತ್ರಿ ಊಟ ಕಡಿಮೆ ಮಾಡಿದ್ದೇನೆ, ಮಾತ್ರೆ ಅಷ್ಟೇ ಇದೆ’ ಎಂದು ಸ್ಪಷ್ಟವಾಗಿ ಹೇಳಿ. ಪ್ರಮಾಣ ಇಳಿಸುವುದೋ ಮಾತ್ರೆ ಬದಲಿಸುವುದೋ ಅವರು ತೀರ್ಮಾನಿಸುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ. ರಾತ್ರಿ ಸಕ್ಕರೆ ಇಳಿದು, ಅದಕ್ಕೆ ಬೆಲ್ಲ ತಿಂದು, ಬೆಳಗ್ಗೆ ಏರಿ, ಅದನ್ನು ನೋಡಿ ಮಾತ್ರೆ ಹೆಚ್ಚಿಸಿ, ರಾತ್ರಿ ಇನ್ನಷ್ಟು ಇಳಿಯುವ ಸುಳಿಯಲ್ಲಿ ಸಿಕ್ಕಿಕೊಂಡವರು ಬಹಳ ಜನ. ರಾತ್ರಿಯ ಒಂದು ರೀಡಿಂಗ್ ಇಲ್ಲದೆ ವೈದ್ಯರಿಗೂ ಇದು ಗೊತ್ತಾಗುವುದಿಲ್ಲ.

ನಡುಗುತ್ತಿದೆ, ಆದರೆ ಮೀಟರ್ 110 ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಇದೂ ಆಗುವುದುಂಟು. ಎಚ್‌ಬಿಎ1ಸಿ 8.1 ಎಂದರೆ ನಿಮ್ಮ ಎರಡು ಮೂರು ತಿಂಗಳ ಸರಾಸರಿ ಸುಮಾರು 186. ಅಷ್ಟಕ್ಕೆ ಒಗ್ಗಿಹೋದ ಮೈಗೆ 110 ಕೂಡ ಕಡಿಮೆಯೆಂದೇ ಅನಿಸುತ್ತದೆ. ಇಲ್ಲಿ ಬೆಲ್ಲ ಬೇಡ. ಅರ್ಧ ಲೋಟ ಸಕ್ಕರೆ ಹಾಕದ ಹಾಲು ಸಾಕು. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆದರೆ ಈ ನಡುಕ ತಾನೇ ನಿಲ್ಲುತ್ತದೆ. ಇನ್ನು 250, 300 ಎಂದು ಬಂದರೆ ಅದರ ಕಥೆ ಬೇರೆ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳ ಒಳಗೆ ಹೋಗುತ್ತಿಲ್ಲ, ಒಂದಿಷ್ಟು ಮೂತ್ರದಲ್ಲಿ ಹೋಗುತ್ತಿದೆ, ಆದ್ದರಿಂದಲೇ ಆ ಹಸಿವು. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇವೂ ಜೊತೆಗಿದ್ದರೆ ಆಹಾರದ ಉಪಾಯಗಳಿಂದ ಆಗುವ ಕೆಲಸವಲ್ಲ, ಚಿಕಿತ್ಸೆಯನ್ನೇ ಬದಲಿಸಬೇಕು.

ನಾಲ್ಕು ಗಂಟೆಯ ಆಸೆಯ ಬೇರು ಹೆಚ್ಚಾಗಿ ಒಂದು ಗಂಟೆಯ ತಟ್ಟೆಯಲ್ಲಿರುತ್ತದೆ. ಅನ್ನ, ತಿಳಿಸಾರು, ಒಂದು ಚಮಚ ಪಲ್ಯ, ಹಪ್ಪಳ ಉಂಡರೆ ಸಕ್ಕರೆ ಬೇಗ ಏರಿ ಬೇಗ ಇಳಿಯುತ್ತದೆ, ಮೂರೂವರೆಗೆ ಹೊಟ್ಟೆ ಖಾಲಿ. ಅದೇ ಊಟದಲ್ಲಿ ಒಂದು ಬಟ್ಟಲು ಹೆಸರುಕಾಳಿನದೋ ಮಡಕೆಕಾಳಿನದೋ ಪಲ್ಯ, ಒಂದು ಬಟ್ಟಲು ತರಕಾರಿ, ಒಂದು ಲೋಟ ಮಜ್ಜಿಗೆ ಸೇರಿಸಿ, ಅನ್ನವನ್ನು ಒಂದು ಕಪ್ಪಿಗೆ ನಿಲ್ಲಿಸಿ. ಪಲ್ಯ, ಕಾಳು ಮೊದಲು ತಿಂದು ಅನ್ನ ಕೊನೆಗೆ ಉಂಡರೆ ಅದೇ ಊಟಕ್ಕೆ ಸಕ್ಕರೆ ಏರುವುದು ಕಡಿಮೆ. ಜೋಳದ ರೊಟ್ಟಿಯ ಜೊತೆ ಇದು ಇನ್ನೂ ಸಲೀಸು. ಕಾಳುಪಲ್ಯ ಇಲ್ಲದೆ ರೊಟ್ಟಿ ಊಟವೇ ಆಗುವುದಿಲ್ಲವಲ್ಲ.

ನಿಮ್ಮ ಊರಿನಲ್ಲಿ ಸಂಜೆ ಎಂದರೆ ಮಂಡಕ್ಕಿ, ಮೆಣಸಿನಕಾಯಿ. ಮಂಡಕ್ಕಿ ಹಗುರ ಎಂದು ಶುಗರ್ ಇರುವವರೂ ಧಾರಾಳವಾಗಿ ತಿನ್ನುತ್ತಾರೆ. ಅದು ಹಗುರ ಇರುವುದು ಗಾಳಿಯಿಂದ. ಗಾಳಿ ಬಿಟ್ಟರೆ ಉಳಿಯುವುದು ಬರೀ ಅಕ್ಕಿ, ಅದೂ ಬಹಳ ಬೇಗ ಸಕ್ಕರೆಯಾಗುವ ಅಕ್ಕಿ. ಒಂದು ದೊಡ್ಡ ಬಟ್ಟಲು ತಿಂದು ಐದೂವರೆಗೆ ಮತ್ತೆ ಸಿಹಿ ಬೇಕು ಅನಿಸಿದರೆ ಅಚ್ಚರಿಯಿಲ್ಲ. ಬಿಡಲೇಬೇಕೆಂದಿಲ್ಲ. ಮಂಡಕ್ಕಿ ಒಂದು ಹಿಡಿ ಇರಲಿ, ಹುರಿದ ಶೇಂಗಾ ಒಂದು ಹಿಡಿ, ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ, ನಿಂಬೆರಸ ಹೆಚ್ಚಿರಲಿ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಏಳೆಂಟು ಗ್ರಾಂ ಪ್ರೋಟೀನ್ ಇದೆ. ಬೇಯಿಸಿದ ಒಂದು ಮೊಟ್ಟೆಯೋ ಒಂದು ಬಟ್ಟಲು ಕಡಲೆಕಾಳಿನ ಉಸಲಿಯೋ ಆದರೂ ಸರಿ. ಮುಖ್ಯವಾದದ್ದು ಗಡಿಯಾರ. ನಾಲ್ಕಕ್ಕೆ ಆಸೆ ಬರುವವರು ಮೂರೂವರೆಗೇ ತಿನ್ನಬೇಕು. ಹಸಿವು ನೆತ್ತಿಗೇರಿದ ಮೇಲೆ ಎದುರಿಗೆ ಉಸಲಿ, ಬೆಲ್ಲ ಎರಡೂ ಇದ್ದರೆ ಕೈ ಹೋಗುವುದು ಬೆಲ್ಲಕ್ಕೇ.

ಕಾಫಿ, ಚಹಾದ ಲೆಕ್ಕವನ್ನೂ ಇಲ್ಲೇ ಹಾಕಿಬಿಡಿ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ತುಂಬಿದ ಎರಡು ಚಮಚ ಎಂದರೆ ದಿನಕ್ಕೆ ಸುಮಾರು 40 ಗ್ರಾಂ, ತಿಂಗಳಿಗೆ ಒಂದು ಕಿಲೋ ಮೇಲೆ. ಹಬ್ಬದ ಹೋಳಿಗೆಗೆ ಹೆದರುವ ಮನೆಗಳಲ್ಲಿ ಈ ಕಿಲೋ ಸಕ್ಕರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆಲೇ ಬಿಟ್ಟರೆ ಮೂರನೇ ದಿನಕ್ಕೆ ಹಳೆಯ ಲೆಕ್ಕಕ್ಕೇ ಮರಳುತ್ತೀರಿ. ವಾರಕ್ಕೆ ಅರ್ಧ ಚಮಚ ಇಳಿಸಿ. ಎರಡು ಚಮಚದಿಂದ ಸೊನ್ನೆಗೆ ಬರಲು ನಾಲ್ಕು ವಾರ ಬೇಕು, ಅಷ್ಟರಲ್ಲಿ ನಾಲಿಗೆಯೂ ಬದಲಾಗಿರುತ್ತದೆ, ಹಾಲಿನದೇ ಸಿಹಿ ಗೊತ್ತಾಗತೊಡಗುತ್ತದೆ. ಆಮೇಲೆ ಹಳೆಯ ಕಾಫಿ ಬಾಯಿಗಿಟ್ಟರೆ ಪಾನಕದಂತೆ ಅನಿಸುತ್ತದೆ. ಈ ಬದಲಾವಣೆಯ ಲಾಭ ಕಾಫಿಗೆ ಮಾತ್ರ ಅಲ್ಲ, ಸಿಹಿ ತಿಂಡಿಯೂ ಮೊದಲಿನ ಅರ್ಧಕ್ಕೇ ಸಾಕೆನಿಸುತ್ತದೆ. ನಿದ್ದೆ ಐದು ಗಂಟೆಗೆ ಇಳಿದಿದ್ದರೆ ಅದನ್ನೂ ಸರಿಮಾಡಿಕೊಳ್ಳಿ. ನಿದ್ದೆಗೆಟ್ಟ ಮರುದಿನ ಹಸಿವಿನ ಹಾರ್ಮೋನು ಏರಿ, ಸಾಕೆನ್ನಿಸುವ ಹಾರ್ಮೋನು ಇಳಿದು ಸಿಹಿಯ ಆಸೆ ಹೆಚ್ಚುತ್ತದೆ.

ಊಟವಾದ ಕೂಡಲೇ ಬರುವ ಆಸೆ ಬರೀ ರೂಢಿ, ಹೊಟ್ಟೆ ಆಗ ತುಂಬಿಯೇ ಇರುತ್ತದೆ. ಎಲೆ ಮುಗಿಸಿದ ಬಾಯಿಗೆ ಒಂದು ಮುಕ್ತಾಯ ಬೇಕು, ಅಷ್ಟೇ. ಕೈ ತೊಳೆದ ಕೂಡಲೇ ಅಡುಗೆಮನೆಯಿಂದ ಹೊರಗೆ ಬನ್ನಿ. ಬಡೆಸೋಂಪು ಅಥವಾ ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು ಹತ್ತು ಹದಿನೈದು ನಿಮಿಷ ಅಡ್ಡಾಡಿ. ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆಸೆಯ ಬಿರುಸೂ ತಗ್ಗುತ್ತದೆ. ತಗ್ಗದಿದ್ದರೆ ಅರ್ಧ ಸೀಬೆಹಣ್ಣು, ಅಥವಾ ಚಿಕ್ಕದೊಂದು ಏಲಕ್ಕಿ ಬಾಳೆಹಣ್ಣು, ಅಥವಾ ಒಂದೇ ಒಂದು ಖರ್ಜೂರವನ್ನು ನಿಧಾನವಾಗಿ ಜಗಿದು ತಿನ್ನಿ. ಹಣ್ಣಿನ ರಸ ಬೇಡ. ನಾರು ತೆಗೆದ ರಸ ಸಕ್ಕರೆ ನೀರಿನ ಹಾಗೆಯೇ ಓಡುತ್ತದೆ.

ಈಗ ಬೆಲ್ಲದ ಮಾತು. ಬೇಸರವಾದರೂ ನೇರವಾಗಿ ಹೇಳಬೇಕು. ಬೆಲ್ಲದ ಬಹುಪಾಲು ಸಕ್ಕರೆಯೇ. ಅಡಿಕೆ ಗಾತ್ರದ ಒಂದು ತುಂಡು ಸುಮಾರು 10 ಗ್ರಾಂ ತೂಗುತ್ತದೆ, ಅದರಲ್ಲಿ ಎಂಟೊಂಬತ್ತು ಗ್ರಾಂ ಸಕ್ಕರೆ ಇರುತ್ತದೆ. ಬೇಕಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ನಿಮ್ಮ ತುಂಡನ್ನು ಒಮ್ಮೆ ತೂಗಿ ನೋಡಿ, ಹೆಚ್ಚಿನವರ ತುಂಡು ಅವರು ಅಂದುಕೊಂಡದ್ದಕ್ಕಿಂತ ದೊಡ್ಡದೇ ಇರುತ್ತದೆ. ದಿನಕ್ಕೆ ಮೂರು ಸಲ ಎಂದರೆ ಐದಾರು ಚಮಚ ಸಕ್ಕರೆ ತಿಂದಂತೆ. ಕಪ್ಪು ಬೆಲ್ಲ, ಸಾವಯವ ಬೆಲ್ಲ, ತಾಟಿ ಬೆಲ್ಲ, ಜೇನುತುಪ್ಪ ಯಾವುದೂ ಇದಕ್ಕೆ ಹೊರತಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ ಎನ್ನುವುದು ನಿಜ, ಆದರೆ ಆ ಲಾಭ ಸಿಗುವಷ್ಟು ಬೆಲ್ಲ ತಿಂದರೆ ಶುಗರ್ ಎಲ್ಲಿಗೆ ಮುಟ್ಟೀತು? ಸೊಪ್ಪು, ಕಾಳಿನಿಂದಲೇ ಅದು ಸಿಗಲಿ.

ಶುಗರ್ ಫ್ರೀ ಎಂಬ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿವೆ. ಕಾಫಿಗೆ ಹಾಕುವ ಮಾತ್ರೆ, ಹನಿ ಇವು ಒಂದು. ಸುಕ್ರಲೋಸ್, ಸ್ಟೀವಿಯಾ, ಆಸ್ಪರ್ಟೇಮ್ ಸಕ್ಕರೆಯನ್ನು ಏರಿಸುವುದಿಲ್ಲ, ದಿನಕ್ಕೆ ಎರಡು ಮೂರು ಕಪ್ಪಿಗೆ ಬಳಸಲು ಅಡ್ಡಿಯಿಲ್ಲ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಹಾಗಾಗಿ ಪಾಯಸಕ್ಕೆ ಹಾಕಿ ಪ್ರಯೋಜನವಿಲ್ಲ, ಕೆಳಗಿಳಿಸಿದ ಮೇಲೆ ಹಾಕಬೇಕು. ಇವುಗಳಿಂದ ಪಾಕವೂ ಬರುವುದಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ಹೇಳಿದಾಗ ಹಲವರು ಗಾಬರಿಯಾದರು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರನ್ನು ಆ ಸಲಹೆ ಹೊರಗಿಟ್ಟಿತ್ತು. ಆದರೂ ಒಂದು ಮಾತು ಒಪ್ಪಬೇಕಾದದ್ದೇ: ಎಲ್ಲಕ್ಕೂ ಇವನ್ನೇ ಸುರಿದುಕೊಂಡರೆ ನಾಲಿಗೆ ಹಳೆಯ ಸಿಹಿಯಲ್ಲೇ ಉಳಿಯುತ್ತದೆ.

ಎರಡನೆಯದು ಅಂಗಡಿಯ ಶುಗರ್ ಫ್ರೀ ಬಿಸ್ಕತ್ತು, ಬರ್ಫಿ, ಲಾಡು. ಇಲ್ಲಿ ಮೋಸಹೋಗುವವರೇ ಹೆಚ್ಚು. ಸಕ್ಕರೆ ಇಲ್ಲದಿದ್ದರೂ ಮೈದಾ ಇದೆ, ಖೋವಾ ಇದೆ, ತುಪ್ಪ ಇದೆ, ಸಕ್ಕರೆ ಹಾಕಿಲ್ಲವೆಂದು ನಾಲ್ಕು ತಿನ್ನುವುದೂ ಇದೆ. ಪೊಟ್ಟಣ ತಿರುಗಿಸಿ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂದು ನೋಡಿ, ಬರೀ ಸಕ್ಕರೆಯ ಸಾಲು ನೋಡಿ ನಿಲ್ಲಬೇಡಿ. ಮಾಲ್ಟೊಡೆಕ್ಸ್‌ಟ್ರಿನ್ ಎಂದಿದ್ದರೆ ಅದು ಗ್ಲೂಕೋಸಿನಷ್ಟೇ ಬೇಗ ಏರುತ್ತದೆ. ಮಾಲ್ಟಿಟಾಲ್, ಸಾರ್ಬಿಟಾಲ್ ಎಂದಿದ್ದರೆ ಸ್ವಲ್ಪ ಏರುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ.

ಮಕ್ಕಳಿಗೆ ಒಂದು ಮಾತು, ಇದನ್ನು ಅವರಿಗೇ ಓದಿಸಿ. ಅಮ್ಮನ ಕೈಯಿಂದ ಬೆಲ್ಲದ ಡಬ್ಬಿ ಕಿತ್ತುಕೊಂಡರೆ ಅಮ್ಮ ಬೆಲ್ಲ ಬಿಡುವುದಿಲ್ಲ, ಕದ್ದು ತಿನ್ನುತ್ತಾರೆ. ಕದ್ದು ತಿಂದದ್ದಕ್ಕೆ ಅಳತೆ ಇರುವುದಿಲ್ಲ, ನಿಂತುಕೊಂಡು ಗಬಕ್ಕನೆ ನುಂಗಿದ್ದಕ್ಕೆ ತೃಪ್ತಿಯೂ ಇರುವುದಿಲ್ಲ, ಮೀಟರ್ ಹಿಡಿಯಲು ಭಯ ಬೇರೆ. ರಾತ್ರಿ ಸಕ್ಕರೆ ಇಳಿದು ನಡುಗುತ್ತಿದ್ದರೂ ಬೈಗುಳಕ್ಕೆ ಹೆದರಿ ಯಾರನ್ನೂ ಎಬ್ಬಿಸದವರು ಇದ್ದಾರೆ. ಸಿಹಿ ಎಲ್ಲರ ಎದುರು, ಕುಳಿತು, ಅಳತೆಯಲ್ಲಿ, ಊಟದ ಜೊತೆಗೇ ಇರಲಿ. ಮನೆಯಲ್ಲಿ ಎಲ್ಲರಿಗೂ ಸಿಹಿ ಹಂಚಿ ಅಮ್ಮನಿಗೊಬ್ಬರಿಗೇ ‘ನಿನಗೆ ಬೇಡ’ ಎನ್ನುವುದಕ್ಕಿಂತ ಎಲ್ಲರ ಎಲೆಗೂ ಚಿಕ್ಕದನ್ನೇ ಬಡಿಸುವುದು ಮೇಲು.

ಯುಗಾದಿಗೆ ಬರೋಣ. ಹೋಳಿಗೆ ತಿನ್ನಬಹುದು, ಲೆಕ್ಕ ಹೀಗೆ. ನಿಂಬೆಹಣ್ಣಿನ ಗಾತ್ರದ ಹೂರಣದ ಒಂದು ಹೋಳಿಗೆಗೆ ಸುಮಾರು 20 ಗ್ರಾಂ ಮೈದಾ, 18 ಗ್ರಾಂ ಕಡಲೆಬೇಳೆ, 20 ಗ್ರಾಂ ಬೆಲ್ಲ ಬೀಳುತ್ತದೆ. ಎಲ್ಲ ಸೇರಿ ಕಾರ್ಬೋಹೈಡ್ರೇಟ್ 40 ಗ್ರಾಂ ಹತ್ತಿರ. ಒಂದು ಕಪ್ ಅನ್ನದಲ್ಲೂ ಹೆಚ್ಚೂ ಕಡಿಮೆ ಅಷ್ಟೇ. ಅಂದರೆ ಹೋಳಿಗೆ ಅನ್ನದ ಬದಲಿಗೆ ಬರಬೇಕು, ಅನ್ನದ ಮೇಲೆ ಅಲ್ಲ. ಹಬ್ಬದ ದಿನ ಶುಗರ್ ಏರುವುದು ಒಂದು ಹೋಳಿಗೆಯಿಂದಲ್ಲ. ಎರಡು ಹೋಳಿಗೆ, ಚಿತ್ರಾನ್ನ, ಅನ್ನ, ಹೋಳಿಗೆ ಸಾರು, ಪಾಯಸ ಎಲ್ಲವೂ ಒಂದೇ ಎಲೆಯಲ್ಲಿ ಕೂಡಿದಾಗ. ಸಾರಿಗೂ ಹೂರಣ ಬಿದ್ದಿರುತ್ತದೆ, ಮರೆಯಬೇಡಿ. ಬೇವುಬೆಲ್ಲ ಚಿಟಿಕೆಯಷ್ಟು ತಿಂದರೆ ಏನೂ ಆಗುವುದಿಲ್ಲ.

ಹೋಳಿಗೆ ತಿನ್ನಬೇಕೆಂದು ಬೆಳಗಿನ ತಿಂಡಿ ಬಿಡುವುದು ಬಹಳ ಜನ ಮಾಡುವ ತಪ್ಪು. ಮಾತ್ರೆ ನುಂಗಿ, ಪೂಜೆ ಮುಗಿಯುವವರೆಗೆ ಉಪವಾಸವಿದ್ದರೆ ಹನ್ನೆರಡಕ್ಕೇ ಸಕ್ಕರೆ ಇಳಿದು ದೇವರ ಮುಂದೆ ತಲೆ ತಿರುಗುತ್ತದೆ, ಎಲೆ ಮುಂದೆ ಕೂತಾಗ ಹಿಡಿತವೇ ಇರುವುದಿಲ್ಲ. ಸಣ್ಣ ತಿಂಡಿ ತಿನ್ನಿ. ಪೂರ್ತಿ ಉಪವಾಸ ಮಾಡುವ ಪದ್ಧತಿಯಿದ್ದರೆ ಮಾತ್ರೆ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿ. ಊಟದಲ್ಲಿ ಹೆಸರುಬೇಳೆ ಕೋಸಂಬರಿಯಿಂದ ಶುರುಮಾಡಿ, ಒಂದಲ್ಲ ಎರಡು ಬಟ್ಟಲು ತಿನ್ನಿ, ಆಮೇಲೆ ಪಲ್ಯ. ಆಮೇಲೆ ಒಂದು ಹೋಳಿಗೆ, ಮೇಲೆ ಒಂದು ಚಮಚ ತುಪ್ಪ, ಚೂರು ಚೂರಾಗಿ ಮುರಿದು ನಿಧಾನವಾಗಿ ತಿನ್ನಿ. ಕೊನೆಗೆ ಮಜ್ಜಿಗೆ. ಅನ್ನ, ಚಿತ್ರಾನ್ನ ಅಂದು ಬೇಡ. ಹದಿನೈದು ನಿಮಿಷ ನಡೆಯಿರಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಮೀಟರ್ ನೋಡಿ, 180 ದಾಟದಿದ್ದರೆ ನಿಮ್ಮ ಲೆಕ್ಕ ಸರಿಯಿದೆ. ತುಪ್ಪ, ಬೇಳೆ ಇರುವುದರಿಂದ ಹೋಳಿಗೆಯ ಸಕ್ಕರೆ ತಡವಾಗಿಯೂ ಏರಬಹುದು, ಒಂದು ಸಲವಾದರೂ ನಾಲ್ಕನೇ ಗಂಟೆಗೆ ಇನ್ನೊಮ್ಮೆ ನೋಡಿ. 230 ಬಂದಿತು ಎಂದಿಟ್ಟುಕೊಳ್ಳಿ. ಇನ್ನೊಂದು ಮಾತ್ರೆ ಹೆಚ್ಚಿಗೆ ನುಂಗಬೇಡಿ, ಅದರ ಪರಿಣಾಮ ನಡುರಾತ್ರಿಯಲ್ಲಿ ಗೊತ್ತಾಗುತ್ತದೆ. ಇನ್ನೊಂದು ಸುತ್ತು ನಡೆಯಿರಿ, ರಾತ್ರಿಗೆ ಪಲ್ಯ, ಕಾಳು ಹೆಚ್ಚಿಟ್ಟು ರೊಟ್ಟಿ ಒಂದು ತಿನ್ನಿ. ಮುಂದಿನ ಹಬ್ಬಕ್ಕೆ ಅರ್ಧ ಹೋಳಿಗೆ ಎಂದು ಬರೆದಿಟ್ಟುಕೊಳ್ಳಿ.

ಮನೆಯಲ್ಲೇ ಮಾಡುವುದಾದರೆ ಬೆಲ್ಲ ಇಳಿಸುವುದಕ್ಕಿಂತ ಗಾತ್ರ ಇಳಿಸುವುದು ಸುಲಭ. ಬೆಲ್ಲ ತೀರ ಕಡಿಮೆಯಾದರೆ ಹೂರಣ ಉದುರುದುರಾಗಿ ಲಟ್ಟಿಸುವಾಗ ಕನಕ ಹರಿದುಕೊಂಡು ಹೊರಬರುತ್ತದೆ. ಒಂದು ಬಟ್ಟಲು ಬೇಳೆಗೆ ಮುಕ್ಕಾಲು ಬಟ್ಟಲು ಬೆಲ್ಲಕ್ಕೆ ತೊಂದರೆಯಿಲ್ಲ, ಏಲಕ್ಕಿ, ಜಾಯಿಕಾಯಿ ತುಸು ಹೆಚ್ಚಿರಲಿ, ಒಂದು ಚಿಟಿಕೆ ಉಪ್ಪು ಸಿಹಿಯನ್ನು ಎತ್ತಿ ಹಿಡಿಯುತ್ತದೆ. ಹೂರಣದ ಉಂಡೆ ನೆಲ್ಲಿಕಾಯಿ ಗಾತ್ರಕ್ಕೆ ಇರಲಿ.

ನಿಜವಾದ ತೊಡಕು ಹಬ್ಬದ ಮರುದಿನ ಶುರುವಾಗುತ್ತದೆ. ಡಬ್ಬಿಯಲ್ಲಿ ಹದಿನೈದು ಹೋಳಿಗೆ ಉಳಿದಿರುತ್ತವೆ, ಹಾಲು ಹಾಕಿಕೊಂಡು ತಿಂದರೆ ಹಳೆಯದೇ ರುಚಿ, ಹೊಸತೊಡಕಿನಿಂದ ನಾಲ್ಕು ದಿನ ಮಧ್ಯಾಹ್ನ, ಸಂಜೆ, ರಾತ್ರಿ ಅದೇ ಕರೆಯುತ್ತಿರುತ್ತದೆ. ಯುಗಾದಿಯ ಸಂಜೆಯೇ ಅಕ್ಕಪಕ್ಕದವರಿಗೆ, ಕೆಲಸದವರಿಗೆ, ಮಕ್ಕಳ ಸ್ನೇಹಿತರಿಗೆ ಕಟ್ಟಿ ಕೊಟ್ಟುಬಿಡಿ. ನಿಮಗೆಂದು ಎರಡನ್ನು ಅರ್ಧರ್ಧ ಮುರಿದು, ಬೇರೆ ಬೇರೆ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೇಕೆನಿಸಿದ ದಿನ ಮಧ್ಯಾಹ್ನ ಒಂದು ಕವರ್ ತೆಗೆದು, ಹೆಂಚಿನ ಮೇಲೆ ಬಿಸಿಮಾಡಿ, ಅಂದಿನ ಅನ್ನದಲ್ಲಿ ಅರ್ಧ ಕಪ್ ಬಿಟ್ಟು, ಮಕ್ಕಳ ಎದುರಿಗೇ ಕೂತು ತಿನ್ನಿ.